ಒಂದು ಫೋನು, ಒಂದು ಮೀಟರ್ ವೈಂಡಿಂಗ್ ತಂತಿ

ಈ ಸಲ ಬಂದ ಕಾಗದಗಳಲ್ಲಿ ಹೆಚ್ಚಿನವು ಒಂದೇ ವಿಷಯದ್ದು. ಮಕ್ಕಳ ವಿಜ್ಞಾನಕ್ಕೆ ಇಂಟರ್ನೆಟ್‌ನಲ್ಲಿ ಒಳ್ಳೆಯದು ಯಾವುದು, ಅದನ್ನು ಹುಡುಕುವುದು ಹೇಗೆ? ನಾನು 31 ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವಳು. ಕೊನೆಯ ಹತ್ತು ವರ್ಷ ಇವನ್ನೆಲ್ಲ ಕ್ಲಾಸಿನಲ್ಲೇ ಬಳಸಿ ನೋಡಿದ್ದೇನೆ. ನಾಲ್ಕು ಕಾಗದ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಮಗ ಎಂಟನೇ ಕ್ಲಾಸು, ಕನ್ನಡ ಮೀಡಿಯಂ. ಮನೆಯಲ್ಲಿ ಇರುವುದು ಒಂದೇ ಫೋನು, ಅದೂ ಅವರಪ್ಪ ಸಂಜೆ ಏಳಕ್ಕೆ ಬಂದ ಮೇಲೆ ಸಿಗುತ್ತದೆ. ವಿಜ್ಞಾನ ನೋಡುತ್ತೇನೆ ಅಂತ ಕೂರುತ್ತಾನೆ, ನಾನು ಬಗ್ಗಿ ನೋಡಿದರೆ ಬರೀ ಮ್ಯಾಜಿಕ್ ವಿಡಿಯೊ. ಮೊನ್ನೆ ಒಂದು ಕಂಪನಿಯವರು ಮನೆಗೇ ಬಂದು, ಟ್ಯಾಬು ಕೊಡುತ್ತೇವೆ, ಕಂತಿನಲ್ಲಿ ದುಡ್ಡು ಕಟ್ಟಿ, ಹುಡುಗ ಎಲ್ಲದರಲ್ಲೂ ಮುಂದೆ ಬರುತ್ತಾನೆ ಅಂದರು. ನಾನು ಏಳನೇ ಕ್ಲಾಸಿನ ತನಕ ಓದಿದವಳು. ಏನು ಮಾಡಲಿ ಟೀಚರ್? (ಅರಸೀಕೆರೆ ಕಡೆಯ ತಾಯಿಯೊಬ್ಬರು)

ಉತ್ತರ: ತಂಗೀ, ಮೊದಲ ಮಾತು. ಆ ಕಂಪನಿಯವರ ಕಾಗದಕ್ಕೆ ಸಹಿ ಹಾಕಬೇಡಿ. ನಾನು ಕೆಳಗೆ ಹೇಳುವುದೆಲ್ಲ ಬಿಟ್ಟಿ ಸಿಗುತ್ತದೆ. ಕಂತಿನ ಭಾರ ಹೊತ್ತು ಮಗನ ಮುಖ ನೋಡಿದರೆ ಪ್ರತಿ ಪರೀಕ್ಷೆಯೂ ಲೆಕ್ಕ ಕೇಳುವ ಹಾಗೆ ಆಗುತ್ತದೆ. ಅದು ನಿಮಗೂ ಬೇಡ, ಅವನಿಗೂ ಬೇಡ.

ಅವನ ವಿಜ್ಞಾನದ ಪುಸ್ತಕ ತೆಗೆದು ನೋಡಿ. ಪಾಠದ ಹತ್ತಿರ ಕಪ್ಪು ಚೌಕಗಳ ಒಂದು ಗುರುತು ಇರುತ್ತದೆ, ಅಂಗಡಿಯಲ್ಲಿ ದುಡ್ಡು ಕಳಿಸಲು ಸ್ಕ್ಯಾನ್ ಮಾಡ್ತೀವಲ್ಲ, ಅಂಥದ್ದೇ. ಅದು ದೀಕ್ಷಾ ಆ್ಯಪಿನದು. ಸರ್ಕಾರದ್ದು, 2017ರಿಂದ ಇದೆ. ಆ್ಯಪಿನಿಂದ ಸ್ಕ್ಯಾನ್ ಮಾಡಿದರೆ ಆ ಪಾಠದ ವಿಡಿಯೊ, ಪ್ರಶ್ನೆಗಳು ಸಿಗುತ್ತವೆ. ಎಲ್ಲವೂ ಚೆನ್ನಾಗಿವೆ ಅನ್ನಲಾರೆ. ಕೆಲವು ಸುಮ್ನೆ ಪುಸ್ತಕ ಓದಿದ ಹಾಗಿವೆ. ಆದರೆ ಪಾಠ ಬಿಟ್ಟು ಅಡ್ಡದಾರಿಗೆ ಹೋಗುವುದಿಲ್ಲ. ಪರೀಕ್ಷೆಯ ಹಿಂದಿನ ವಾರಕ್ಕೆ ಅದು ಸಾಕು.

ಹುಡುಗನಿಗೆ ಆಸೆ ಹುಟ್ಟಬೇಕು ಅಂದರೆ ನನ್ನ ಮೊದಲ ಆಯ್ಕೆ ಅರವಿಂದ ಗುಪ್ತ ಅವರ ವಿಡಿಯೊಗಳು. ಕಾನ್ಪುರದ ಐಐಟಿಯಲ್ಲಿ ಓದಿದ ಎಂಜಿನಿಯರು. ಕಸದಲ್ಲಿ ಎಸೆಯುವ ವಸ್ತುಗಳಿಂದ ವಿಜ್ಞಾನದ ಆಟಿಕೆ ಮಾಡುವುದನ್ನೇ ಬದುಕು ಮಾಡಿಕೊಂಡರು. 2018ರಲ್ಲಿ ಪದ್ಮಶ್ರೀ ಬಂತು. ಬಹಳಷ್ಟು ವಿಡಿಯೊ ಒಂದೆರಡು ನಿಮಿಷದವು, ಕನ್ನಡದಲ್ಲೂ ಇವೆ. ಒಂದು ದಿನದ ಡೇಟಾದಲ್ಲಿ ಎಷ್ಟೋ ನೋಡಬಹುದು.

ಅವುಗಳಲ್ಲಿ ಒಂದು ಪುಟ್ಟ ಮೋಟಾರು ಇದೆ. ಟಾರ್ಚಿನ ಒಂದು ಸೆಲ್ಲು, ಸೈಕಲ್ ಟ್ಯೂಬಿನ ತುಂಡು, ಎರಡು ಸೇಫ್ಟಿ ಪಿನ್ನು, ಒಂದು ಅಯಸ್ಕಾಂತ, ಒಂದು ಮೀಟರ್ ತಾಮ್ರದ ತಂತಿ. ತಂತಿಗೆ ಎಲ್ಲಿಗೆ ಹೋಗಬೇಕು ಗೊತ್ತಾ? ನಿಮ್ಮೂರಿನ ಮೋಟಾರ್ ವೈಂಡಿಂಗ್ ಅಂಗಡಿಗೆ. ಪಂಪ್‌ಸೆಟ್ ಸುಟ್ಟರೆ ಒಯ್ಯುತ್ತೀರಲ್ಲ, ಅಲ್ಲಿ ತುಂಡು ತಂತಿ ಬೇಕಾದಷ್ಟು ಬಿದ್ದಿರುತ್ತದೆ.

ನನ್ನ ಕ್ಲಾಸಿನ ಒಬ್ಬ ಹುಡುಗ ಇದನ್ನು ಮಾಡಿಕೊಂಡು ಬಂದಿದ್ದ. ಸುರುಳಿ ತಿರುಗಲಿಲ್ಲ. ನಡುಗಿ ನಿಂತುಬಿಡುತ್ತಿತ್ತು. ಯಾಕೆ ಅಂತ ನನಗೂ ತಕ್ಷಣ ಹೊಳೆಯಲಿಲ್ಲ. ಅವನು ಆ ವಿಡಿಯೊವನ್ನು ಒಂಬತ್ತು ಸಲ ನೋಡಿದ. ಒಂಬತ್ತನೇ ಸಲ ಕೂಗಿದ, 'ಟೀಚರ್, ಅವರು ಒಂದು ಕಡೆ ಕೆರೆದಿಲ್ಲ!' ವೈಂಡಿಂಗ್ ತಂತಿಯ ಮೇಲೆ ಕರೆಂಟು ಹರಿಯದ ಹಾಗೆ ಒಂದು ಲೇಪ ಇರುತ್ತದೆ. ಇವನು ತಂತಿಯ ಎರಡೂ ತುದಿಯಲ್ಲಿ ಅದನ್ನು ಸುತ್ತಲೂ ಕೆರೆದಿದ್ದ. ಹಾಗೆ ಮಾಡಿದರೆ ಅರ್ಧ ಸುತ್ತು ಒಂದು ಕಡೆ ತಳ್ಳುತ್ತದೆ, ಉಳಿದರ್ಧ ವಾಪಸ್ ತಳ್ಳುತ್ತದೆ. ಒಂದು ಬದಿಯ ಲೇಪ ಕೆರೆಯದೆ ಬಿಟ್ಟರೆ ಆ ಅರ್ಧದಲ್ಲಿ ಕರೆಂಟು ನಿಲ್ಲುತ್ತದೆ, ಸುರುಳಿ ತನ್ನ ವೇಗದಲ್ಲೇ ಮುಂದಕ್ಕೆ ಹೋಗುತ್ತದೆ. ಇದನ್ನು ನಾನು ಬೋರ್ಡಿನ ಮೇಲೆ ಬರೆದಿದ್ದರೆ ಯಾರಿಗೂ ನೆನಪಿರುತ್ತಿರಲಿಲ್ಲ. ಅವತ್ತು ಇಡೀ ಕ್ಲಾಸು ಅವನ ಬೆಂಚಿನ ಸುತ್ತ ನಿಂತಿತ್ತು. ಒಂದು ಎಚ್ಚರ: ಸೆಲ್ಲಿನಿಂದ ಮಾತ್ರ. ಗೋಡೆಯ ಪ್ಲಗ್ಗಿನ ಹತ್ತಿರ ಯಾವ ತಂತಿಯನ್ನೂ ಒಯ್ಯಕೂಡದು.

ಈಗ ಮ್ಯಾಜಿಕ್ ವಿಡಿಯೊ ವಿಚಾರ. ಅವನು ಏನು ನೋಡಿದರೂ ಬೈಯಬೇಡಿ. ನೋಡಿ ಮುಗಿದ ಮೇಲೆ ಫೋನು ಕೆಳಗಿಡಿಸಿ, ನೀವು ರೊಟ್ಟಿ ತಟ್ಟುತ್ತಿರುವಾಗ ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ: 'ಅದು ಯಾಕೆ ಹಾಗಾಯ್ತು? ನನಗೆ ಅರ್ಥ ಆಗೋ ಹಾಗೆ ಹೇಳು.' ನಿಮಗೆ ಗೊತ್ತಿಲ್ಲ ಅನ್ನುವುದೇ ಇಲ್ಲಿ ಅನುಕೂಲ. ಗೊತ್ತಿರುವ ನಾನು ಕೇಳಿದರೆ ಮಕ್ಕಳು ಪುಸ್ತಕದ ವಾಕ್ಯ ಒಪ್ಪಿಸುತ್ತಾರೆ. ನಿಮಗೆ ಹೇಳುವಾಗ ಅವನೇ ಮಾತು ಹುಡುಕಿಕೊಳ್ಳಬೇಕು. ಎರಡು ಮೂರು ದಿನ ಹೇಳಲು ಬರದಿದ್ದರೆ, ಆ ಚಾನೆಲ್ಲು ಬೆರಗು ಮಾತ್ರ ಕೊಡುತ್ತಿದೆ ಅಂತ ಅವನಿಗೇ ತಿಳಿಯುತ್ತದೆ.

ಭಾಷೆಯ ತೊಂದರೆಗೂ ಒಂದು ದಾರಿ ಇದೆ. ಕನ್ನಡದಲ್ಲಿ ಹುಡುಕಿದರೆ ಕಡಿಮೆ ಸಿಗುತ್ತದೆ, ಇಂಗ್ಲಿಷಿನ ಹೆಸರು ಅವನಿಗೆ ಗೊತ್ತಿರುವುದಿಲ್ಲ. ಉದಾಹರಣೆಗೆ, ಕನ್ನಡ ವಿಕಿಪೀಡಿಯದಲ್ಲಿ 'ದ್ಯುತಿಸಂಶ್ಲೇಷಣೆ' (ಗಿಡ ಬಿಸಿಲಿನಿಂದ ಆಹಾರ ಮಾಡಿಕೊಳ್ಳುವುದು) ಪುಟ ತೆರೆದು, ಅಲ್ಲೇ ಭಾಷೆ ಬದಲಿಸುವ ಕಡೆ ಇಂಗ್ಲಿಷ್ ಒತ್ತಲಿ. 'ಫೋಟೊಸಿಂಥೆಸಿಸ್' ಅನ್ನುವ ಹೆಸರು ಸಿಕ್ಕಿತು. ಆ ಹೆಸರಿನಿಂದ ಚಿತ್ರ ಹುಡುಕಲಿ, ವಿಡಿಯೊ ಹುಡುಕಲಿ. ದಿನಕ್ಕೆ ಒಂದು ಹೆಸರು ಹೀಗೆ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡರೆ ಪಿಯುಸಿಗೆ ಹೋದಾಗ ಗಾಬರಿ ಆಗುವುದಿಲ್ಲ. ಕನ್ನಡ ಮೀಡಿಯಮ್ಮಿನ ಎಷ್ಟೋ ಜಾಣ ಮಕ್ಕಳು ಆ ಮೊದಲ ಆರು ತಿಂಗಳಲ್ಲಿ ಕುಗ್ಗಿಹೋದದ್ದನ್ನು ನೋಡಿದ್ದೇನೆ. ಅದಕ್ಕೇ ಈಗಲೇ ಹೇಳುತ್ತಿದ್ದೇನೆ.

ಪ್ರಶ್ನೆ: ತಟ್ಟೆಯ ನೀರಿನಲ್ಲಿ ಮೇಣದ ಬತ್ತಿ ಹಚ್ಚಿ ಲೋಟ ಬೋರಲು ಹಾಕಿದರೆ ನೀರು ಮೇಲೆ ಏರುತ್ತದೆ. ಒಂದು ವಿಡಿಯೊದಲ್ಲಿ ಆಕ್ಸಿಜನ್ ಉರಿದು ಖಾಲಿ ಆಗಿದ್ದಕ್ಕೆ ಅಂದರು. ಇನ್ನೊಂದರಲ್ಲಿ ಅದು ತಪ್ಪು ಅಂದರು. ಯಾರನ್ನು ನಂಬಲಿ? (ಒಂಬತ್ತನೇ ಕ್ಲಾಸಿನ ಹುಡುಗಿ, ದಾವಣಗೆರೆ)

ಉತ್ತರ: ಪುಟ್ಟಿ, ಎರಡು ವಿಡಿಯೊ ನೋಡಿ ಹೋಲಿಸಿದೆಯಲ್ಲ, ನನಗೆ ತುಂಬ ಖುಷಿ ಆಯಿತು. ನಿಜ ಹೇಳುತ್ತೇನೆ, ನಾನೂ ಆರು ವರ್ಷ ಮಕ್ಕಳಿಗೆ 'ಆಕ್ಸಿಜನ್ ಖಾಲಿ ಆಯ್ತು, ಆ ಜಾಗಕ್ಕೆ ನೀರು ಬಂತು' ಅಂತಲೇ ಹೇಳಿಕೊಟ್ಟಿದ್ದೆ. ಗಾಳಿಯಲ್ಲಿ ಆಕ್ಸಿಜನ್ ನೂರಕ್ಕೆ ಸುಮಾರು 21 ಭಾಗ, ನೀರೂ ಸರಿಸುಮಾರು ಐದರಲ್ಲೊಂದು ಭಾಗ ಏರಿದ ಹಾಗೆ ಕಾಣುತ್ತಿತ್ತು. ಲೆಕ್ಕ ಕೂಡಿಬಂತಲ್ಲ ಅಂತ ನಂಬಿದ್ದೆ. ನಿನ್ನಂಥವಳೇ ಒಬ್ಬಳು ಎದ್ದು, 'ಟೀಚರ್, ಬತ್ತಿ ಉರಿಯುವಾಗ ನೀರು ಅಷ್ಟಾಗಿ ಏರಲ್ಲ, ಆರಿದ ಮೇಲೆ ದಡಕ್ಕನೆ ಏರುತ್ತೆ, ಯಾಕೆ?' ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವತ್ತು ಸಂಜೆ ಮನೆಯಲ್ಲಿ ಕೂತು ಮತ್ತೆ ಮಾಡಿ ನೋಡಿದೆ.

ನೀನೂ ಮಾಡು, ದೊಡ್ಡವರು ಪಕ್ಕದಲ್ಲಿರಲಿ. ಮೂರು ವಿಷಯ ಗಮನಿಸು. ನೀರು ಯಾವಾಗ ಜೋರಾಗಿ ಏರುತ್ತದೆ? ಲೋಟ ಮುಚ್ಚುವಾಗ ಅಂಚಿನಲ್ಲಿ ಗುಳ್ಳೆ ಬರುತ್ತದಾ? ಒಂದರ ಬದಲು ಮೂರು ಬತ್ತಿ ಇಟ್ಟರೆ ನೀರು ಎಷ್ಟು ಎತ್ತರಕ್ಕೆ ಹೋಗುತ್ತದೆ? ಒಂದು ಬತ್ತಿಗಿಂತ ಮೂರು ಬತ್ತಿಗೆ ನೀರು ಜಾಸ್ತಿ ಏರುತ್ತದೆ. ಲೋಟ ಅದೇ, ಅದರೊಳಗಿನ ಆಕ್ಸಿಜನ್ ಅಷ್ಟೇ. ಹಾಗಾದರೆ ಕಾರಣ ಬೇರೆ ಇರಬೇಕು, ಅಲ್ವಾ? ಬಿಸಿಯಾದ ಗಾಳಿ ಹಿಗ್ಗುತ್ತದೆ, ಸ್ವಲ್ಪ ಗುಳ್ಳೆಯಾಗಿ ಹೊರಗೆ ಹೋಗುತ್ತದೆ. ಬತ್ತಿ ಆರಿದಾಗ ಉಳಿದ ಗಾಳಿ ತಣ್ಣಗಾಗಿ ಕುಗ್ಗುತ್ತದೆ. ಆಗ ಹೊರಗಿನ ಗಾಳಿಯ ಒತ್ತಡ ನೀರನ್ನು ಒಳಕ್ಕೆ ತಳ್ಳುತ್ತದೆ. ಇನ್ನೂ ಒಂದು ಮಾತು. ಆಕ್ಸಿಜನ್ ಪೂರ್ತಿ ಮುಗಿಯುವ ಮೊದಲೇ ಬತ್ತಿ ಆರಿಹೋಗಿರುತ್ತದೆ. ಉರಿದ ಆಕ್ಸಿಜನ್ ಕೂಡ ಮಾಯವಾಗುವುದಿಲ್ಲ, ಇಂಗಾಲದ ಡೈಆಕ್ಸೈಡ್ ಮತ್ತು ನೀರಿನ ಆವಿಯಾಗುತ್ತದೆ.

ಯಾರನ್ನು ನಂಬಲಿ ಅಂದೆಯಲ್ಲ. 'ಹೀಗೆ ಮಾಡಿ ನೋಡಿ, ನಾನು ಹೇಳಿದ್ದು ತಪ್ಪಾಗಿದ್ದರೆ ಇಲ್ಲಿ ಗೊತ್ತಾಗುತ್ತದೆ' ಅಂತ ದಾರಿ ತೋರಿಸುವವರನ್ನು ಹೆಚ್ಚು ನಂಬು. ಹೊಸ ಚಾನೆಲ್ಲು ಸಿಕ್ಕಾಗ ನಾನು ಒಂದು ಪರೀಕ್ಷೆ ಇಡುತ್ತೇನೆ. ಬೇಸಿಗೆ ಯಾಕೆ ಬರುತ್ತದೆ ಅನ್ನುವುದಕ್ಕೆ ಅವರು ಏನು ಹೇಳಿದ್ದಾರೆ ನೋಡುತ್ತೇನೆ. ಭೂಮಿ ಸೂರ್ಯನ ಹತ್ತಿರ ಬರುವುದರಿಂದ ಅಂದಿದ್ದರೆ ಅಲ್ಲಿಗೆ ಬಿಟ್ಟುಬಿಡುತ್ತೇನೆ. ಭೂಮಿ ಸೂರ್ಯನಿಗೆ ತೀರ ಹತ್ತಿರ ಇರುವುದು ಜನವರಿ ಮೊದಲ ವಾರದಲ್ಲಿ, ಸುಮಾರು 14.7 ಕೋಟಿ ಕಿಲೋಮೀಟರ್. ದೂರ ಇರುವುದು ಜುಲೈ ಮೊದಲ ವಾರದಲ್ಲಿ, 15.2 ಕೋಟಿ. ಜನವರಿಯಲ್ಲಿ ನಾವು ಸ್ವೆಟರ್ ಹಾಕಿಕೊಂಡಿರುತ್ತೇವೆ! ಋತು ಬದಲಾಗುವುದು ಭೂಮಿಯ ಅಕ್ಷ 23.5 ಡಿಗ್ರಿ ವಾಲಿರುವುದರಿಂದ. ಇದನ್ನು ಸರಿಯಾಗಿ ಹೇಳಿದವರು ಉಳಿದದ್ದರಲ್ಲೂ ಜಾಗ್ರತೆ ವಹಿಸಿರುತ್ತಾರೆ ಅನ್ನುವುದು ನನ್ನ ಅನುಭವ.

ಮೂರು ಬತ್ತಿಯ ಪ್ರಯೋಗದಲ್ಲಿ ನೀರು ಎಷ್ಟು ಏರಿತು ಅಂತ ಸ್ಕೇಲಿನಲ್ಲಿ ಅಳೆದು ನನಗೆ ಬರಿ. ಮುಂದಿನ ಸಲ ಇಲ್ಲೇ ಹಾಕುತ್ತೇನೆ.

ಪ್ರಶ್ನೆ: ನಮ್ಮದು ಹಳ್ಳಿಯ ಹೈಸ್ಕೂಲು. ಲ್ಯಾಬ್ ಹೆಸರಿಗೆ ಮಾತ್ರ. ಒಂದು ಪ್ರೊಜೆಕ್ಟರ್ ಇದೆ, ಆದರೆ ಪಾಠದ ನಡುವೆ ನೆಟ್ ಹೋಗಿಬಿಡುತ್ತದೆ. ಆನ್‌ಲೈನ್ ಪ್ರಯೋಗಗಳನ್ನು ತೋರಿಸುವುದು ಹೇಗೆ? (ವಿಜ್ಞಾನ ಶಿಕ್ಷಕರು, ಸುರಪುರ ತಾಲೂಕು)

ಉತ್ತರ: ಮೇಷ್ಟ್ರೇ, ನೆಟ್ ಇರುವ ಜಾಗಕ್ಕೆ ಹೋದಾಗ 'ಫೆಟ್' ಸಿಮ್ಯುಲೇಷನ್‌ಗಳನ್ನು, ಅಂದರೆ ಕಂಪ್ಯೂಟರಿನ ಪರದೆಯ ಮೇಲೇ ಮಾಡುವ ಪ್ರಯೋಗಗಳನ್ನು, ಪೆನ್ ಡ್ರೈವಿಗೆ ಇಳಿಸಿಕೊಳ್ಳಿ. ಒಮ್ಮೆ ಇಳಿಸಿಕೊಂಡರೆ ನೆಟ್ ಇಲ್ಲದೆಯೂ ಬ್ರೌಸರಿನಲ್ಲಿ ತೆರೆಯುತ್ತವೆ. ಅಮೆರಿಕದ ಕೊಲರಾಡೊ ಬೋಲ್ಡರ್ ವಿಶ್ವವಿದ್ಯಾಲಯದವರು ಮಾಡಿದ್ದು. 2001ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದ ಕಾರ್ಲ್ ವೀಮನ್ ಮರುವರ್ಷವೇ ಇದನ್ನು ಶುರು ಮಾಡಿದರು. ದೊಡ್ಡ ಪ್ರಶಸ್ತಿ ಬಂದ ಮೇಲೆ ಮಕ್ಕಳಿಗೆ ಕಲಿಸುವ ಕಡೆ ತಿರುಗಿದರಲ್ಲ, ಆ ಮನುಷ್ಯನ ಮೇಲೆ ನನಗೆ ಬಹಳ ಗೌರವ. ಕೆಲವು ಕನ್ನಡದಲ್ಲೂ ಇವೆ.

ಆದರೆ ಸಿನಿಮಾ ತೋರಿಸಿದ ಹಾಗೆ ತೋರಿಸಬೇಡಿ. ವಿದ್ಯುತ್ ಮಂಡಲದ್ದನ್ನು ತೆಗೆಯಿರಿ. ಒಂದು ಬ್ಯಾಟರಿ, ಒಂದೇ ಥರದ ಎರಡು ಬಲ್ಬು ಸಾಲಾಗಿ ಜೋಡಿಸಿ, ಸ್ವಿಚ್ ಹಾಕುವ ಮೊದಲು ಕೇಳಿ: 'ಯಾವುದು ಜಾಸ್ತಿ ಬೆಳಗುತ್ತೆ? ಕೈ ಎತ್ತಿ.' ನನ್ನ ಕ್ಲಾಸುಗಳಲ್ಲಿ ಅರ್ಧಕ್ಕೂ ಹೆಚ್ಚು ಮಕ್ಕಳು ಮೊದಲ ಬಲ್ಬು ಅನ್ನುತ್ತಿದ್ದರು. ಕರೆಂಟನ್ನು ಮೊದಲ ಬಲ್ಬು ಸ್ವಲ್ಪ ತಿಂದುಬಿಡುತ್ತದೆ ಅಂತ ಅವರ ಲೆಕ್ಕ. ಎರಡೂ ಒಂದೇ ಸಮ ಬೆಳಗಿದಾಗ ಗಲಾಟೆ ಶುರುವಾಗುತ್ತದೆ. ಆ ಗಲಾಟೆ ಆಗಲು ಬಿಡಿ, ಹತ್ತು ನಿಮಿಷ ಹೋದರೂ ಪರವಾಗಿಲ್ಲ. ಆಮೇಲೆ ನಿಜವಾದ ಟಾರ್ಚ್ ಬಲ್ಬು, ಸೆಲ್ಲು ಕೊಟ್ಟು ಅದನ್ನೇ ಮಾಡಿಸಿ. ಕೆಲವು ಮಕ್ಕಳು ಕಂಪ್ಯೂಟರ್ ಮೋಸ ಮಾಡಿದೆ ಅಂದುಕೊಂಡಿರುತ್ತಾರೆ. ಕೈಯಲ್ಲಿ ಹಿಡಿದ ಬಲ್ಬು ನೋಡಿದ ಮೇಲೇ ಒಪ್ಪುವುದು.

ಒಂಬತ್ತು, ಹತ್ತಕ್ಕೆ ಅಮೃತ ವಿಶ್ವವಿದ್ಯಾಪೀಠ ಮತ್ತು ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಸ್ಥೆ ಸಿ-ಡ್ಯಾಕ್ ಸೇರಿ ಮಾಡಿದ ಓ-ಲ್ಯಾಬ್ಸ್ ಅನ್ನುವ ಆನ್‌ಲೈನ್ ಲ್ಯಾಬ್ ಇದೆ, ಪ್ರಯೋಗದ ಹಂತಗಳಿಗೆ ಒಳ್ಳೆಯದು. ನಿಮ್ಮ ಓದಿಗೆ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ 'ಐ ವಂಡರ್' ಪತ್ರಿಕೆ ಕನ್ನಡದಲ್ಲೂ ಸಿಗುತ್ತದೆ, ಇಳಿಸಿಕೊಳ್ಳಿ.

ಪ್ರಶ್ನೆ: ಮೊಮ್ಮಗ ಬೆಂಗಳೂರಿನಲ್ಲಿ ಆರನೇ ಕ್ಲಾಸು. ರಜೆಗೆ ನಮ್ಮ ಮನೆಗೆ ಬಂದರೂ ಫೋನಿನಿಂದ ತಲೆ ಎತ್ತುವುದಿಲ್ಲ. ಫೋನಿನಲ್ಲೇ ಏನಾದರೂ ಒಳ್ಳೆಯದು ಇದೆಯೇ? (ಹಿರಿಯರು, ಸಾಗರ)

ಉತ್ತರ: ಇದೆ ಹಿರಿಯರೇ. 'ಸೀಸನ್‌ವಾಚ್' ಅಂತ ಒಂದು ಆ್ಯಪು. ಒಂದು ಮರ ಆರಿಸಿಕೊಂಡು ವಾರಕ್ಕೊಮ್ಮೆ ನೋಡಬೇಕು. ಚಿಗುರು, ಹೂವು, ಕಾಯಿ, ಹಣ್ಣು ಇಲ್ಲವೋ, ಸ್ವಲ್ಪವೋ, ಜಾಸ್ತಿಯೋ, ಅಷ್ಟು ಬರೆದರೆ ಸಾಕು. 2010ರಿಂದ ನಡೆಯುತ್ತಿದೆ, ಕೇರಳದ ಶಾಲೆಯ ಮಕ್ಕಳು ಬಹಳ ಜನ ಇದರಲ್ಲಿದ್ದಾರೆ. ನಿಮ್ಮ ಹಿತ್ತಲಿನ ಹಲಸನ್ನೇ ಇಬ್ಬರೂ ಸೇರಿ ಆರಿಸಿ. ರಜೆ ಮುಗಿದು ಅವನು ಹೋದ ಮೇಲೆ ನೋಡುವವರು ನೀವು, ಪ್ರತಿ ಭಾನುವಾರ ಫೋನು ಮಾಡಿ ಕೇಳಿ ಬರೆಯುವವನು ಅವನು. ಎಳೆ ಹಲಸು ಯಾವ ತಿಂಗಳು ಬಿಡುತ್ತದೆ ಅನ್ನುವುದು ನಿಮಗೆ ಗೊತ್ತಿರುವಷ್ಟು ಯಾವ ಆ್ಯಪಿಗೂ ಗೊತ್ತಿಲ್ಲ, ಅವನಿಗೆ ಅದು ತಿಳಿಯಲಿ.

ಇನ್ನೊಂದು ಇದೆ. ವರ್ಷಕ್ಕೆ ಎರಡು ದಿನ ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿಗೆ ಬರುತ್ತಾನೆ, ನೆಟ್ಟಗೆ ನಿಲ್ಲಿಸಿದ ವಸ್ತುವಿಗೆ ನೆರಳೇ ಇರುವುದಿಲ್ಲ. ಬೆಂಗಳೂರಿನಲ್ಲಿ ಅದು ಏಪ್ರಿಲ್ 24ರ ಆಸುಪಾಸು, ಇನ್ನೊಮ್ಮೆ ಆಗಸ್ಟ್ 18ರ ಹೊತ್ತಿಗೆ. ಸಾಗರ ಉತ್ತರಕ್ಕಿರುವುದರಿಂದ ಏಪ್ರಿಲ್‌ನಲ್ಲಿ ಮೂರ್ನಾಲ್ಕು ದಿನ ತಡ. ನಿಮ್ಮೂರಿನ ದಿನವನ್ನು ಭಾರತೀಯ ಖಗೋಳ ಸಂಘದವರ ಶೂನ್ಯ ನೆರಳಿನ ಆ್ಯಪಿನಲ್ಲಿ ಅವನೇ ಹುಡುಕಲಿ. ಊರಿಗೆ ಹೊರಡುವ ಮೊದಲು ಬೆಂಗಳೂರಿನ ತಾರಸಿಯ ಮೇಲೆ ಒಂದು ಪೈಪಿನ ತುಂಡು ನಿಲ್ಲಿಸಿ ನೋಡಲಿ, 12 ಗಂಟೆ 17 ನಿಮಿಷದ ಹೊತ್ತಿಗೆ. ಆಮೇಲೆ ಬಸ್ಸು ಹತ್ತಿ ಬಂದು ನಿಮ್ಮ ಅಂಗಳದಲ್ಲಿ ಅದೇ ಪೈಪು ನಿಲ್ಲಿಸಲಿ. ಅಲ್ಲಿ ಹತ್ತು ನಿಮಿಷ ತಡವಾಗುತ್ತದೆ. ಯಾಕೆ ಅಂತ ನೀವು ಹೇಳಬೇಡಿ, ಅವನನ್ನೇ ಕೇಳಿ.