‘ಸ್ವಿಚ್ ಬದಲಿಸಿ’ ಎನ್ನುವ ಮೊದಲು ಅಳತೆ ಬೇಕು

ನಮಸ್ಕಾರ.

ನಿಮ್ಮ ‘ಹಳೆ ಕಾರಿನ ಸ್ಟೀರಿಂಗ್ ಸ್ವಿಚ್ ರಿಪೇರಿ’ ಲೇಖನ ಓದಿದೆವು. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಬರವಣಿಗೆ ತಿಳಿಯಾಗಿದೆ. ಏರ್‌ಬ್ಯಾಗ್ ಇರುವ ಸ್ಟೀರಿಂಗನ್ನು ಮನೆಯಲ್ಲಿ ಬಿಚ್ಚಬೇಡಿ ಎಂದು ಮೊದಲ ಸಾಲಲ್ಲೇ ಎಚ್ಚರಿಸಿದ್ದೀರಿ, ಅದು ಅಲ್ಲೇ ಇರಲಿ. ಆದರೆ ಹಾರ್ನ್, ಇಂಡಿಕೇಟರ್, ಡಿಮ್-ಡಿಪ್ (ಹೆಡ್‌ಲೈಟಿನ ಬೆಳಕು ತಗ್ಗಿಸುವ, ಏರಿಸುವ ಸ್ವಿಚ್) ಯಾವುದು ಕೈಕೊಟ್ಟರೂ ನಿಮ್ಮ ಉತ್ತರ ಒಂದೇ: ಕಾಂಬಿನೇಷನ್ ಸ್ವಿಚ್, ಅಂದರೆ ಸ್ಟೀರಿಂಗ್ ಕೆಳಗಿನ ಲಿವರುಗಳ ಇಡೀ ಸ್ವಿಚ್, ಬದಲಿಸಿ. ಓದುಗರು ದುಡ್ಡು ಕೊಟ್ಟು ಹೊಸದು ಹಾಕಿಸಿದ ಮೇಲೂ ತೊಂದರೆ ಉಳಿದರೆ ಅವರಿಗೆ ದಾರಿಯೇ ಇಲ್ಲ.

ದೊಡ್ಡ ತಪ್ಪು ಹೆಡ್‌ಲೈಟ್ ಭಾಗದಲ್ಲಿದೆ. ಸ್ವಿಚ್ ಕಳಚಿ ಮಲ್ಟಿಮೀಟರಿನ ಬಜರ್ ಕೂಗಿದರೆ ಸ್ವಿಚ್ ಸರಿಯಿದೆ ಎಂದಿದ್ದೀರಿ. ಲೆಕ್ಕ ಹಾಕಿ ನೋಡಿ. 55 ವ್ಯಾಟಿನ ಎರಡು ಬಲ್ಬಿಗೆ 12 ವೋಲ್ಟಿನಲ್ಲಿ 9 ಆಂಪಿಯರಿಗಿಂತ ಹೆಚ್ಚು ಕರೆಂಟ್ ಬೇಕು. ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಚ್ಚಿ ಆರಿಸುವ ಸ್ವಿಚ್) ಇಲ್ಲದ ಕಾರಿನಲ್ಲಿ ಅದಷ್ಟೂ ಲಿವರಿನ ಒಳಗಿನ ಅಕ್ಕಿಕಾಳಿನಷ್ಟು ಕಾಂಟ್ಯಾಕ್ಟಿನ ಮೂಲಕವೇ ಹರಿಯುತ್ತದೆ. ಕಾಂಟ್ಯಾಕ್ಟ್ ಸುಟ್ಟು ಬರೀ 0.1 ಓಮ್ ತಡೆ ಬಂದರೂ 0.9 ವೋಲ್ಟ್ ಅಲ್ಲೇ ಕಳೆದುಹೋಗಿ, 8 ವ್ಯಾಟಿನಷ್ಟು ಶಾಖ ಹುಟ್ಟುತ್ತದೆ. ಪ್ಲಾಸ್ಟಿಕ್ ಕಂದಾಗುವುದು, ಕರಗುವುದು ಇದರಿಂದಲೇ. ಸಾಮಾನ್ಯ ಮೀಟರಿನ ಬಜರ್ ಹತ್ತಾರು ಓಮ್ ತಡೆ ಇದ್ದರೂ ಕೂಗುತ್ತದೆ, ಹಾಗಾಗಿ 0.1 ಓಮ್ ಅದಕ್ಕೆ ಗೊತ್ತೇ ಆಗುವುದಿಲ್ಲ.

ಆದ್ದರಿಂದ ಕಪ್ಲರ್ (ವೈರುಗಳು ಸ್ವಿಚ್ಚಿಗೆ ಸೇರುವ ಪ್ಲಾಸ್ಟಿಕ್ ಪ್ಲಗ್) ಕಳಚದೆ, ಲೈಟ್ ಉರಿಯುತ್ತಿರುವಾಗಲೇ ಅಳೆಯಲು ಹೇಳಿ. ಮೀಟರ್ 20 ವೋಲ್ಟ್ ಡಿಸಿಯಲ್ಲಿರಲಿ. ಒಂದು ಪ್ರೋಬ್ ಸ್ವಿಚ್ಚಿಗೆ ಬರುವ ವೈರಿಗೆ, ಇನ್ನೊಂದು ಹೊರಡುವ ವೈರಿಗೆ, ಎರಡೂ ಕಪ್ಲರಿನ ಹಿಂಬದಿಯಿಂದ. 0.2 ವೋಲ್ಟಿನ ಒಳಗಿದ್ದರೆ ಚಿಂತೆಯಿಲ್ಲ. ಅರ್ಧ ವೋಲ್ಟ್ ದಾಟಿದರೆ ಕಾಂಟ್ಯಾಕ್ಟ್ ಅಥವಾ ಕಪ್ಲರಿನ ಪಿನ್ ಸುಟ್ಟಿದೆ. ಸ್ವಿಚ್ ಚೆನ್ನಾಗಿದ್ದು ಪಿನ್ ಮಾತ್ರ ಸುಟ್ಟಿದ್ದರೆ ಪಿನ್ ಬದಲಿಸಿದರೆ ಸಾಕು. ಹೊಸ ಸ್ವಿಚ್ ಹಾಕಿದರೂ ಡಿಮ್‌ಗೊಂದು, ಬ್ರೈಟ್‌ಗೊಂದು ರಿಲೇ ಸೇರಿಸದಿದ್ದರೆ ಅದೂ ಇದೇ ದಾರಿ ಹಿಡಿಯುತ್ತದೆ. ಬ್ಯಾಟರಿಯಿಂದ 15 ಆಂಪಿಯರ್ ಫ್ಯೂಸ್ ಮೂಲಕ ರಿಲೇಯ 30ನೇ ನಂಬರಿನ ಪಿನ್ನಿಗೆ, 87ನೇ ಪಿನ್ನಿನಿಂದ ಬಲ್ಬಿಗೆ, 2.5 ಚದರ ಮಿಲಿಮೀಟರ್ ವೈರಿನಲ್ಲಿ. ಕಾಯಿಲ್‌ನ (ರಿಲೇಯನ್ನು ಎಳೆಯುವ ತಂತಿಸುರುಳಿ) 85, 86ನೇ ಪಿನ್ನುಗಳ ಜೋಡಣೆ ಮಾತ್ರ ಎಲ್ಲ ಕಾರಿಗೂ ಒಂದೇ ಅಲ್ಲ. ಕೆಲವು ಕಾರುಗಳಲ್ಲಿ ಡಿಪ್ ಸ್ವಿಚ್ ಅರ್ಥ್ (ಕಾರಿನ ಲೋಹದ ಮೈಗೆ ಸೇರುವ ನೆಗೆಟಿವ್) ಬದಿಯಲ್ಲಿರುತ್ತದೆ. ವೈರಿಂಗ್ ಚಿತ್ರ ನೋಡಿಯೇ ಬರೆಯಿರಿ.

ಹಾರ್ನ್ ತಾನಾಗಿಯೇ ಕೂಗುತ್ತಿದೆ, ಫ್ಯೂಸ್ ಹೋಗಿಲ್ಲ, ಆದ್ದರಿಂದ ವೈರು ಎಲ್ಲೂ ತಾಗಿಲ್ಲ ಎಂಬ ನಿಮ್ಮ ತರ್ಕವೂ ನಿಲ್ಲುವುದಿಲ್ಲ. ಬಹುತೇಕ ಹಳೆ ಕಾರುಗಳಲ್ಲಿ ಹಾರ್ನ್ ಬಟನ್ ಕೊಡುವುದು ಅರ್ಥ್. ಬಟನ್ನಿನ ವೈರು ಸವೆದು ಸ್ಟೀರಿಂಗ್ ಕಾಲಮ್ಮಿನ ಲೋಹಕ್ಕೆ ತಾಗಿದರೆ ಬಟನ್ ಒತ್ತಿದ ಹಾಗೇ ಆಯಿತು. ಕರೆಂಟ್ ಹಾರ್ನ್ ಅಥವಾ ರಿಲೇ ಕಾಯಿಲ್ ದಾಟಿಯೇ ಬರುವುದರಿಂದ ಫ್ಯೂಸಿಗೆ ಏನೂ ಆಗುವುದಿಲ್ಲ. ಹಾರ್ನ್ ಕೂಗದೇ ಇದ್ದರೆ, ಕಾಲಮ್ ಕೆಳಗಿನ ಆ ವೈರನ್ನು ಒಂದು ತುಂಡು ವೈರಿನಿಂದ ಕಾರಿನ ಬಾಡಿಯ ಲೋಹಕ್ಕೆ ತಾಗಿಸಿ ನೋಡಲಿ. ಕೂಗಿದರೆ ದೋಷ ಮೇಲ್ಗಡೆ: ಬಟನ್, ಸ್ಟೀರಿಂಗ್ ತಿರುಗಿದರೂ ಸಂಪರ್ಕ ಉಳಿಸುವ ಹಿತ್ತಾಳೆಯ ಸ್ಲಿಪ್ ರಿಂಗ್, ಅದಕ್ಕೆ ಒತ್ತಿ ನಿಲ್ಲುವ ಸ್ಪ್ರಿಂಗ್ ಕಾಂಟ್ಯಾಕ್ಟ್, ಇಲ್ಲವೇ ಶಾಫ್ಟಿನ ಅರ್ಥ್. ಶಾಫ್ಟಿನ ನಡುವೆ ರಬ್ಬರ್ ಕಪ್ಲಿಂಗ್ ಇರುವ ಕಡೆ ಅದನ್ನು ದಾಟಿಸುವ ಅರ್ಥ್ ಪಟ್ಟಿ ತುಂಡಾಗಿದ್ದರೂ ಹಾರ್ನ್ ಸತ್ತಂತೆಯೇ. ಸ್ಟೀರಿಂಗ್ ತಿರುಗಿಸಿದಾಗ ಮಾತ್ರ ನಿಂತರೆ ಮೊದಲ ಅನುಮಾನ ಸ್ಲಿಪ್ ರಿಂಗ್ ಮೇಲೆ.

ಇಂಡಿಕೇಟರಿಗೆ ಒಂದೇ ಪ್ಯಾರಾ ಸಾಕು. ಹಜಾರ್ಡ್ ಸ್ವಿಚ್ (ನಾಲ್ಕೂ ಇಂಡಿಕೇಟರ್ ಒಟ್ಟಿಗೆ ಮಿನುಗಿಸುವುದು) ಒತ್ತಿದಾಗ ನಾಲ್ಕೂ ಮಿನುಗಿದರೆ ಬಲ್ಬ್, ಅರ್ಥ್ ಸರಿಯಿವೆ. ಫ್ಲಾಷರ್ (ಮಿನುಗಿಸುವ ಘಟಕ) ಹಜಾರ್ಡಿಗೂ ಇಂಡಿಕೇಟರಿಗೂ ಒಂದೇ ಆಗಿದ್ದರೆ ಅದೂ ಸರಿಯಿದೆ. ಆಮೇಲೆ ಉಳಿಯುವುದು ಇಂಡಿಕೇಟರ್ ಫ್ಯೂಸ್, ಹಜಾರ್ಡ್ ಸ್ವಿಚ್ಚಿನ ಕಾಂಟ್ಯಾಕ್ಟ್, ಲಿವರ್. ಅನೇಕ ಕಾರುಗಳಲ್ಲಿ ಇಂಡಿಕೇಟರಿನ ಕರೆಂಟ್ ಹಜಾರ್ಡ್ ಸ್ವಿಚ್ ಮೂಲಕವೇ ಬರುತ್ತದೆ. ಹತ್ತಾರು ಸಲ ಅದನ್ನು ಒತ್ತಿ ಬಿಟ್ಟಾಗ ಇಂಡಿಕೇಟರ್ ಜೀವ ಪಡೆದರೆ ಕಳ್ಳ ಅಲ್ಲೇ ಸಿಕ್ಕ. ಲಿವರ್ ತಾನಾಗಿ ವಾಪಸಾಗದಿದ್ದರೆ ಅದು ವೈರಿಂಗ್ ದೋಷವಲ್ಲ, ಸಾಮಾನ್ಯವಾಗಿ ಒಳಗಿನ ಪ್ಲಾಸ್ಟಿಕ್ ನಾಲಿಗೆ ಮುರಿದಿರುತ್ತದೆ. ಆ ಸಾಲನ್ನು ಬೇರೆ ಮಾಡಿ.

ಕೊನೆಯದಾಗಿ, ‘ಹಸಿರು ವೈರು, ಕಪ್ಪು ವೈರು’ ಎಂದಿದ್ದೀರಿ, ಕಾರಿನ ಹೆಸರಿಲ್ಲ. ಪದ್ಮಿನಿಯ ಬಣ್ಣ ಮಾರುತಿ 800ಕ್ಕೆ ಹೊಂದುವುದಿಲ್ಲ. ಮಾಡೆಲ್, ವರ್ಷ, ಬಿಚ್ಚಿದ ಸ್ವಿಚ್ಚಿನ ಹಿಂಬದಿ ಮತ್ತು ಕಪ್ಲರಿನ ಹತ್ತಿರದ ಫೋಟೊ ಸೇರಿಸಿ ಕಳಿಸಿ. ಹೆಡ್‌ಲೈಟ್ ಭಾಗ ತಿದ್ದಿ ಬಂದರೆ ಅದನ್ನೇ ಮೊದಲು ಹಾಕುತ್ತೇವೆ, ಉಳಿದದ್ದು ಮುಂದಿನ ಕಂತಿನಲ್ಲಿ.