ಜ್ಯಾಂಗೋದಲ್ಲಿ ಒಆರ್‌ಎಂ ಇರುವಾಗ ಎಸ್‌ಕ್ಯೂಎಲ್ ಕಲಿಯಲೇಬೇಕೆ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥ ಮಾಡಿಕೊಂಡದ್ದು ಹೀಗೆ. ಕುಮಟಾದಲ್ಲಿ ಅಪ್ಪನ ಅಡಿಕೆ ಖರೀದಿ ಅಂಗಡಿ ಇದೆ. ಎಕ್ಸೆಲ್‌ನಲ್ಲಿದ್ದ ಲೆಕ್ಕವನ್ನು ಪೈಥಾನ್‌ನ ವೆಬ್ ಫ್ರೇಮ್‌ವರ್ಕ್ ಆದ ಜ್ಯಾಂಗೋಗೆ ತಂದಿದ್ದೀರಿ. 300 ಪಟ್ಟಿ (ಖರೀದಿ ಬಿಲ್) ತೋರಿಸುವ ಪುಟ ಲ್ಯಾಪ್‌ಟಾಪ್‌ನಲ್ಲಿ ಎಸ್‌ಕ್ಯೂಲೈಟ್ ಡೇಟಾಬೇಸ್ ಇದ್ದಾಗ ಚಕ್ಕನೆ ಬರುತ್ತಿತ್ತು. ಕ್ಲೌಡ್‌ಗೆ ಹಾಕಿ ಪೋಸ್ಟ್‌ಗ್ರೆಸ್ ಡೇಟಾಬೇಸ್ ಜೋಡಿಸಿದ ಮೇಲೆ ಏಳೆಂಟು ಸೆಕೆಂಡ್ ಹಿಡಿಯುತ್ತಿದೆ. ಪೋಸ್ಟ್‌ಗ್ರೆಸ್ ನಿಧಾನವೇ, ಎಸ್‌ಕ್ಯೂಲೈಟ್‌ಗೇ ವಾಪಸ್ ಹೋಗಲೇ, ಪೈಥಾನ್ ಕೋಡನ್ನು ಎಸ್‌ಕ್ಯೂಎಲ್‌ಗೆ ತಿರುಗಿಸಿ ಕೊಡುವ ಒಆರ್‌ಎಂ ಇರುವಾಗ ಡೇಟಾಬೇಸ್‌ನ ಭಾಷೆಯಾದ ಎಸ್‌ಕ್ಯೂಎಲ್ ಕಲಿಯದೆ ನಡೆಯುತ್ತದೆಯೇ ಅಂತ ಕೇಳಿದ್ದೀರಿ.

ನಾನು ಶಿರಸಿಯಲ್ಲಿ ಇದೇ ಬಗೆಯ ಲೆಕ್ಕದ ಸಾಫ್ಟ್‌ವೇರ್ ನೋಡಿಕೊಳ್ಳುತ್ತೇನೆ. ಹಾಗಾಗಿ ನಿಮ್ಮ ಟೇಬಲ್‌ಗಳನ್ನು ನೋಡದೆಯೂ ತೊಂದರೆ ಎಲ್ಲಿದೆ ಅಂತ ಹೇಳಬಲ್ಲೆ. ಪೋಸ್ಟ್‌ಗ್ರೆಸ್ ನಿಧಾನವಲ್ಲ. ನಿಮ್ಮ ಪುಟ ಡೇಟಾಬೇಸ್‌ನ ಬಾಗಿಲನ್ನು ಆರುನೂರು ಸಲ ತಟ್ಟುತ್ತಿದೆ.

ನಡೆಯುತ್ತಿರುವುದು ಇಷ್ಟು. ಮೊದಲ ಕ್ವೆರಿ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆ) 300 ಪಟ್ಟಿಗಳನ್ನು ತರುತ್ತದೆ. ಪುಟದ ಅಚ್ಚಾದ ಟೆಂಪ್ಲೇಟ್‌ನಲ್ಲಿ ಪ್ರತಿ ಸಾಲಿಗೆ ರೈತರ ಹೆಸರು ಬೇಕು ಅಂದಾಗ ಒಆರ್‌ಎಂ ಸುಮ್ಮನೆ ಇನ್ನೊಂದು ಕ್ವೆರಿ ಕಳಿಸುತ್ತದೆ. ಮಾಲು ಯಾವ ಬಗೆಯ ಅಡಿಕೆ, ಚಾಲಿಯೋ ರಾಶಿಯೋ ಬೆಟ್ಟೆಯೋ ಎಂದು ತೋರಿಸಬೇಕಾದರೆ ಮತ್ತೊಂದು. 300 ಸಾಲಿಗೆ ಎರಡೆರಡು, ಮೇಲೆ ಮೊದಲಿನದು ಒಂದು, ಒಟ್ಟು 601. ಎಸ್‌ಕ್ಯೂಲೈಟ್ ನಿಮ್ಮ ಪ್ರೋಗ್ರಾಮ್‌ನ ಒಳಗೇ ಓಡುವ ಲೈಬ್ರರಿ, ಅದರ ಡೇಟಾಬೇಸ್ ಅಂದರೆ ಪಕ್ಕದಲ್ಲೇ ಇರುವ ಒಂದು ಫೈಲ್. ಆರುನೂರು ಸಲ ಕೇಳಿದರೂ ಗೊತ್ತಾಗುವುದಿಲ್ಲ. ಕ್ಲೌಡ್‌ನಲ್ಲಿ ಡೇಟಾಬೇಸ್ ಬೇರೆ ಯಂತ್ರದಲ್ಲಿದೆ. ಒಂದು ಸಲ ಹೋಗಿ ಬರಲು 12 ಮಿಲಿಸೆಕೆಂಡ್ ಅಂತಿಟ್ಟುಕೊಂಡರೂ 601 ಸಲಕ್ಕೆ ಏಳು ಸೆಕೆಂಡ್ ದಾಟಿತು. ನೀವು ಹೇಳಿದ ಅಂಕಿ ಅದೇ.

ಇದಕ್ಕೆ ಮದ್ದು ಒಂದೇ ಸಾಲು. ಪಟ್ಟಿಗಳನ್ನು ತರುವ ಕ್ವೆರಿಸೆಟ್‌ಗೆ ಸೆಲೆಕ್ಟ್‌ ರಿಲೇಟೆಡ್ ಸೇರಿಸಿ ರೈತ, ಬಗೆ ಎರಡನ್ನೂ ಹೆಸರಿಸಿ. ಒಆರ್‌ಎಂ ಆಗ ಟೇಬಲ್‌ಗಳನ್ನು ಜೋಡಿಸಿ ಓದುವ ಜಾಯಿನ್ ಬರೆಯುತ್ತದೆ, 601 ಹೋಗಿ ಒಂದೇ ಕ್ವೆರಿ ಉಳಿಯುತ್ತದೆ. ಒಂದು ಪಟ್ಟಿಯ ಕೆಳಗೆ ಹಲವು ಲಾಟ್‌ಗಳಿದ್ದು ಅವನ್ನೂ ತೋರಿಸಬೇಕಾದರೆ ಪ್ರಿಫೆಚ್ ರಿಲೇಟೆಡ್ ಹಾಕಿ. ಅದು ಲಾಟ್‌ಗಳಿಗೆಲ್ಲ ಸೇರಿಸಿ ಒಂದೇ ಹೆಚ್ಚಿನ ಕ್ವೆರಿ ಕಳಿಸುತ್ತದೆ. ನಂಬುವ ಮೊದಲು ಕಣ್ಣಾರೆ ನೋಡಿ. ಜ್ಯಾಂಗೋ ಡೀಬಗ್ ಟೂಲ್‌ಬಾರ್ ಹಾಕಿಕೊಂಡರೆ ಪುಟದ ಬದಿಯಲ್ಲೇ ಕ್ವೆರಿಗಳ ಲೆಕ್ಕ ಬರುತ್ತದೆ. ಅದನ್ನು ಒತ್ತಿದರೆ ಒಂದರ ಕೆಳಗೊಂದು ಅದೇ ಸೆಲೆಕ್ಟ್ ಕ್ವೆರಿ, ಕೊನೆಯಲ್ಲಿ ಐಡಿ ಮಾತ್ರ ಬೇರೆ: 41, 42, 43, 44... ಆ ಸಾಲುಗಳನ್ನು ಮೊದಲ ಸಲ ನೋಡಿದ ದಿನವೇ ನಾನು ಎಸ್‌ಕ್ಯೂಎಲ್ ಕಲಿಯಲು ಕುಳಿತೆ.

ಹಾಗಾಗಿ ನಿಮ್ಮ ಮುಖ್ಯ ಪ್ರಶ್ನೆಗೆ ಉತ್ತರ: ಹೌದು, ಕಲಿಯಲೇಬೇಕು. ಎಲ್ಲವನ್ನೂ ಕೈಯಲ್ಲಿ ಬರೆಯಲು ಅಲ್ಲ. ಒಆರ್‌ಎಂ ನಿಮ್ಮ ಹೆಸರಿನಲ್ಲಿ ಏನು ಬರೆದು ಕಳಿಸುತ್ತಿದೆ ಎಂದು ಓದುವಷ್ಟು ಬರಬೇಕು. ಗುಮಾಸ್ತ ಬರೆದ ಪಟ್ಟಿಗೆ ಓದದೆ ಸಹಿ ಹಾಕುವ ಧಣಿ ಯಾರಿದ್ದಾರೆ?

ಇನ್ನು ನೀವು ಕೇಳದೇ ಇದ್ದರೂ ಹೇಳಲೇಬೇಕಾದ ವಿಷಯ, ಟೇಬಲ್‌ಗಳ ರಚನೆ. ಎಕ್ಸೆಲ್‌ನಿಂದ ಬಂದವರು ಸಾಮಾನ್ಯವಾಗಿ ರೈತರ ಹೆಸರು, ಊರು, ಫೋನ್ ಎಲ್ಲವನ್ನೂ ಪ್ರತಿ ಪಟ್ಟಿಯಲ್ಲೂ ಮತ್ತೆ ಬರೆದಿರುತ್ತಾರೆ. ಎಡ್ಗರ್ ಕಾಡ್ 1970ರಲ್ಲಿ ಐಬಿಎಂನಲ್ಲಿದ್ದಾಗ ರಿಲೇಶನಲ್ ಮಾದರಿಯನ್ನು ಮುಂದಿಟ್ಟರು. ಆ ದಾರಿಯಲ್ಲಿ ಬೆಳೆದ ನಿಯಮ, ಒಂದು ಸಂಗತಿ ಒಂದೇ ಕಡೆ ಇರಬೇಕು ಎನ್ನುವುದು. ರೈತರ ಟೇಬಲ್ ಬೇರೆ, ಪಟ್ಟಿಯಲ್ಲಿ ಅವರ ಐಡಿ ಮಾತ್ರ. ಹೆಸರನ್ನೇ ಗುರುತಾಗಿ ಇಟ್ಟುಕೊಳ್ಳುವ ಯೋಚನೆಯಂತೂ ಬೇಡ. ನಮ್ಮ ಕಡೆ ಒಂದೇ ಊರಿನಲ್ಲಿ ಗಣಪತಿ ಹೆಗಡೆ ಅನ್ನುವವರು ನಾಲ್ಕು ಜನ ಇರುತ್ತಾರೆ, ಅವರಲ್ಲಿ ಇಬ್ಬರ ತಂದೆಯ ಹೆಸರೂ ಒಂದೇ ಆಗಿರುತ್ತದೆ. ಜನ ಮನೆಯ ಹೆಸರು ಹಿಡಿದು ಗುರುತಿಸುತ್ತಾರೆ, ಡೇಟಾಬೇಸ್‌ಗೆ ನಂಬರ್ ಬೇಕು.

ಆದರೆ ಈ ನಿಯಮವನ್ನು ಕಣ್ಣು ಮುಚ್ಚಿ ದರಕ್ಕೂ ಹಚ್ಚಬೇಡಿ. ಕ್ವಿಂಟಲ್ ದರವನ್ನು ಅಡಿಕೆ ಬಗೆಯ ಟೇಬಲ್‌ನಲ್ಲಿ ಇಟ್ಟು ಪಟ್ಟಿಗೆ ಅಲ್ಲಿಂದ ಓದಿದರೆ, ನಾಳೆ ದರ ಬದಲಿಸಿದ ಕ್ಷಣ ಹಳೆಯ ಪಟ್ಟಿಗಳ ಮೊತ್ತವೂ ಬದಲಾಗುತ್ತದೆ. ಅದೇ ದಿನ ಅದೇ ಚಾಲಿಗೆ ಒಂದು ಲಾಟ್‌ಗೆ ಒಂದು ದರ, ಪಕ್ಕದ ಲಾಟ್‌ಗೆ ಇನ್ನೊಂದು. ದರ ಆ ಲಾಟ್‌ನ ಸಂಗತಿ, ಆದ್ದರಿಂದ ಲಾಟ್‌ನ ಸಾಲಿನಲ್ಲೇ ಇರಬೇಕು. ಏನನ್ನು ಒಂದೇ ಕಡೆ ಇಡಬೇಕು, ಏನನ್ನು ಆ ದಿನದ ಮಟ್ಟಿಗೆ ಬರೆದಿಡಬೇಕು ಅನ್ನುವ ತೀರ್ಮಾನವನ್ನು ಯಾವ ಫ್ರೇಮ್‌ವರ್ಕೂ ನಿಮಗಾಗಿ ಮಾಡುವುದಿಲ್ಲ. ಅಪ್ಪನ ಹತ್ತಿರ ಒಂದು ಮಧ್ಯಾಹ್ನ ಕುಳಿತು ಕೇಳಿ. ಅವರ ಖಾತೆ ಪುಸ್ತಕದಲ್ಲಿ ಇದಕ್ಕೆಲ್ಲ ಉತ್ತರ ಇದೆ.

ದುಡ್ಡು, ತೂಕ ಎರಡಕ್ಕೂ ಫ್ಲೋಟ್ (ದಶಮಾಂಶವನ್ನು ಅಂದಾಜಾಗಿ ಇಡುವ ಸಂಖ್ಯೆಯ ಬಗೆ) ಬಳಸಬೇಡಿ. ಫ್ಲೋಟ್‌ನಲ್ಲಿ 0.1ಕ್ಕೆ 0.2 ಕೂಡಿಸಿದರೆ 0.30000000000000004 ಬರುತ್ತದೆ. ಡೆಸಿಮಲ್ ಫೀಲ್ಡ್ ಹಾಕಿ. ಪೋಸ್ಟ್‌ಗ್ರೆಸ್ ಅದನ್ನು ನ್ಯೂಮರಿಕ್ ಆಗಿ ಇದ್ದಹಾಗೇ ಇಡುತ್ತದೆ. ಎಸ್‌ಕ್ಯೂಲೈಟ್‌ಗೆ ನಿಜವಾದ ಡೆಸಿಮಲ್ ಬಗೆ ಇಲ್ಲ, ದಶಮಾಂಶವನ್ನು ಒಳಗೆ ಫ್ಲೋಟ್ ಆಗಿಯೇ ಇಡುತ್ತದೆ. ಲೆಕ್ಕದ ಕೆಲಸಕ್ಕೆ ನಾನು ಪೋಸ್ಟ್‌ಗ್ರೆಸ್ ಕಡೆಗೆ ವಾಲಲು ಇದು ಒಂದು ಕಾರಣ.

ಇನ್ನೊಂದು ಕಾರಣ ದೊಡ್ಡದು. ನನ್ನ ಮೊದಲ ವರ್ಷದ್ದು. ರೈತರಿಗೆ ಕೊಟ್ಟ ಮುಂಗಡದ ಬಾಕಿಯನ್ನು ಒಂದು ಕಾಲಂನಲ್ಲಿ ಇಟ್ಟಿದ್ದೆ. ಹೊಸ ಅಡಿಕೆ ಬರುವ ಸಮಯ, ಎರಡು ಮೇಜಿನಲ್ಲಿ ಇಬ್ಬರು ಗುಮಾಸ್ತರು. ಒಬ್ಬ ರೈತರ ಬಾಕಿ 40,000 ಇತ್ತು. ಒಂದು ಮೇಜಿನಲ್ಲಿ ಪಟ್ಟಿಯಿಂದ 5,000 ಮುರಿದರು. ಅದೇ ಗಳಿಗೆಯಲ್ಲಿ ಇನ್ನೊಂದು ಮೇಜಿನಲ್ಲಿ ಅವರ ಮಗ 10,000 ಹೊಸ ಮುಂಗಡ ತೆಗೆದುಕೊಂಡ. ಎರಡೂ ಕಡೆಯ ಕೋಡ್ 40,000 ಅಂತಲೇ ಓದಿತ್ತು. ಮೊದಲನೆಯದು 35,000 ಬರೆಯಿತು, ಎರಡನೆಯದು ಅದರ ಮೇಲೆ 50,000 ಬರೆಯಿತು. ಇರಬೇಕಾದದ್ದು 45,000. ತಿಂಗಳ ನಂತರ ಆ ರೈತರು ತಮ್ಮ ಚೀಟಿಗಳನ್ನು ರಬ್ಬರ್ ಬ್ಯಾಂಡ್ ಹಾಕಿ ತಂದು ಮೇಜಿನ ಮೇಲೆ ಒಂದೊಂದಾಗಿ ಹರವಿದರು. ಅವರ ಚೀಟಿ ಸರಿ ಇತ್ತು, ನನ್ನ ಡೇಟಾಬೇಸ್ ತಪ್ಪಿತ್ತು. ಇವತ್ತಿಗೂ ಬಾಕಿ ಎಂಬ ಕಾಲಂ ಕಂಡರೆ ನನ್ನ ಕೈ ನಿಲ್ಲುತ್ತದೆ.

ಆಮೇಲೆ ಮಾಡಿದ್ದು: ಬಾಕಿಯ ಕಾಲಂ ತೆಗೆದು, ಪ್ರತಿ ಕೊಡು-ಕೊಳ್ಳುವಿಕೆಗೂ ಒಂದು ಸಾಲು ಸೇರಿಸುವ ಟೇಬಲ್ ಮಾಡಿದೆ. ಬಾಕಿ ಬೇಕಾದಾಗ ಮೊತ್ತ ಕೂಡಿಸುವುದು. ಕಾಲಂ ಇಡಲೇಬೇಕು ಅಂದರೆ ಪೈಥಾನ್‌ನಲ್ಲಿ ಕಳೆದು ಉಳಿಸಬೇಡಿ. ಎಫ್ ಎಕ್ಸ್‌ಪ್ರೆಶನ್ ಬಳಸಿದರೆ ಕಳೆಯುವ ಕೆಲಸವನ್ನು ಡೇಟಾಬೇಸೇ ಮಾಡುತ್ತದೆ. ಮೊದಲು ಓದಿ, ಯೋಚಿಸಿ, ನಂತರ ಬರೆಯುವ ಕಡೆ ಸೆಲೆಕ್ಟ್ ಫಾರ್ ಅಪ್‌ಡೇಟ್ ಹಾಕಿ ಸಾಲಿಗೆ ಬೀಗ ಹಾಕಿ. ಎಸ್‌ಕ್ಯೂಲೈಟ್‌ನಲ್ಲಿ ಈ ಬೀಗ ಕೆಲಸ ಮಾಡುವುದಿಲ್ಲ, ಜ್ಯಾಂಗೋ ಅದನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಎಸ್‌ಕ್ಯೂಲೈಟ್‌ನಲ್ಲಿ ಒಂದು ಸಮಯಕ್ಕೆ ಒಬ್ಬರೇ ಬರೆಯಬಹುದು, ಉಳಿದವರು ಕಾಯಬೇಕು, ಕಾದು ಸಾಕಾದರೆ ಡೇಟಾಬೇಸ್ ಲಾಕ್ ಆಗಿದೆ ಎಂಬ ಎರರ್. ಅಪ್ಪ ಒಬ್ಬರೇ ಒಂದೇ ಮೇಜಿನಲ್ಲಿ ಬರೆಯುವವರಾದರೆ ಎಸ್‌ಕ್ಯೂಲೈಟ್ ಗಟ್ಟಿ, ಏನೂ ಅಂಜಿಕೆ ಇಲ್ಲ. ಎರಡನೇ ಮೇಜು ಬರುವುದಿದ್ದರೆ ಪೋಸ್ಟ್‌ಗ್ರೆಸ್‌ನಲ್ಲೇ ಇರಿ.

ಜೊತೆಗೆ ಟ್ರಾನ್ಸಾಕ್ಷನ್, ಅಂದರೆ ಹಲವು ಬರಹಗಳನ್ನು ಒಂದೇ ಕಂತೆ ಮಾಡುವುದು. ಜ್ಯಾಂಗೋ ತಾನಾಗಿ ಪ್ರತಿ ಕ್ವೆರಿಯನ್ನೂ ಆಯಾ ಕ್ಷಣವೇ ಕಮಿಟ್ ಮಾಡುತ್ತದೆ, ಅಂದರೆ ಖಾಯಂ ಮಾಡುತ್ತದೆ. ಪಟ್ಟಿ ಬರೆದಾಯಿತು, ಮುಂಗಡ ಮುರಿಯುವ ಸಾಲು ಬರೆಯುವ ಮೊದಲೇ ಕರೆಂಟ್ ಹೋಯಿತು ಅಂದರೆ ಅರ್ಧ ಲೆಕ್ಕ ಉಳಿಯಿತು. ಮಳೆಗಾಲದಲ್ಲಿ ದೇವಿಮನೆ ಘಟ್ಟದ ಮೇಲೂ ಕೆಳಗೂ ಕರೆಂಟಿನ ಕಥೆ ನಿಮಗೆ ನಾನು ಹೇಳಬೇಕಾಗಿಲ್ಲ. ಒಟ್ಟಿಗೆ ಆಗಬೇಕಾದದ್ದನ್ನೆಲ್ಲ ಅಟಾಮಿಕ್ ಬ್ಲಾಕ್‌ನೊಳಗೆ ಹಾಕಿ. ಆಗುವುದಾದರೆ ಪೂರ್ತಿ ಆಗುತ್ತದೆ, ಇಲ್ಲವಾದರೆ ಏನೂ ಆಗಿರುವುದಿಲ್ಲ.

ಹಳೆಯ ಎಕ್ಸೆಲ್ ತುಂಬುವಾಗ ಎರಡು ಎಚ್ಚರ. ಮಾಡೆಲ್‌ನಲ್ಲಿ (ಟೇಬಲ್‌ನ ರಚನೆ ಹೇಳುವ ಕೋಡ್‌ನಲ್ಲಿ) ನೀವು ಬರೆದ ವ್ಯಾಲಿಡೇಟರ್‌ಗಳು, ಅಂದರೆ ತಪಾಸಣೆಯ ನಿಯಮಗಳು, ಫಾರ್ಮ್ ಮೂಲಕ ಬಂದಾಗ ಓಡುತ್ತವೆ, ಸೇವ್ ಅಥವಾ ಬಲ್ಕ್ ಕ್ರಿಯೇಟ್ ನೇರವಾಗಿ ಕರೆದರೆ ಓಡುವುದಿಲ್ಲ. ತೂಕ ಸೊನ್ನೆಗಿಂತ ಹೆಚ್ಚಿರಬೇಕು ಎಂಬಂಥ ನಿಯಮವನ್ನು ಚೆಕ್ ಕನ್‌ಸ್ಟ್ರೇಂಟ್ ಆಗಿ ಡೇಟಾಬೇಸ್‌ನಲ್ಲೇ ಹಾಕಿ, ಯಾವ ದಾರಿಯಿಂದ ಬಂದರೂ ತಡೆಯುತ್ತದೆ. ಎರಡನೆಯದು ಕನ್ನಡದ್ದೇ. ಗಣೇಶ ಎಂಬಲ್ಲಿನ ಏತ್ವ ಒಂದೇ ಸಂಕೇತವಾಗಿಯೂ ಇರಬಹುದು, ಎತ್ವ ಮತ್ತು ದೀರ್ಘ ಎಂಬ ಎರಡು ಸಂಕೇತಗಳಾಗಿಯೂ ಇರಬಹುದು. ತೆರೆಯ ಮೇಲೆ ಎರಡೂ ಒಂದೇ, ಡೇಟಾಬೇಸ್‌ಗೆ ಬೇರೆ ಬೇರೆ. ಹುಡುಕಿದರೆ ಸಿಗುವುದಿಲ್ಲ, ಯುನೀಕ್ ಅಂತ ಹಾಕಿದರೂ ಎರಡೂ ಒಳಗೆ ಬರುತ್ತವೆ. ಉಳಿಸುವ ಮೊದಲು ಪೈಥಾನ್‌ನ ಯುನಿಕೋಡ್‌ಡೇಟಾದಿಂದ ಎನ್‌ಎಫ್‌ಸಿ ಎಂಬ ಒಂದೇ ಬಗೆಯ ರೂಪಕ್ಕೆ ತನ್ನಿ.

ಪಟ್ಟಿಯನ್ನು ರೈತರ ಟೇಬಲ್‌ಗೆ ಜೋಡಿಸುವ ಫಾರಿನ್ ಕೀಗೆ ಕ್ಯಾಸ್ಕೇಡ್ ಹಾಕಿದ್ದರೆ ಇವತ್ತೇ ಪ್ರೊಟೆಕ್ಟ್ ಮಾಡಿ. ಇಲ್ಲದಿದ್ದರೆ ಯಾರೋ ಒಬ್ಬ ರೈತರನ್ನು ಅಳಿಸಿದಾಗ ಅವರ ಎಲ್ಲ ಪಟ್ಟಿಗಳೂ ಜೊತೆಗೇ ಹೋಗುತ್ತವೆ. ಮತ್ತೆ, ಫೀಲ್ಡ್‌ನ ಹೆಸರು ಬದಲಿಸಿ, ಟೇಬಲ್‌ನ ಬದಲಾವಣೆಯನ್ನು ಸಿದ್ಧಪಡಿಸುವ ಮೇಕ್‌ಮೈಗ್ರೇಶನ್ಸ್ ಆಜ್ಞೆ ಕೊಟ್ಟಾಗ ಇದು ಮರುನಾಮಕರಣವೇ ಅಂತ ಜ್ಯಾಂಗೋ ಕೇಳುತ್ತದೆ. ಓದದೆ ಎಂಟರ್ ಒತ್ತಿದರೆ ಅದು ಅಲ್ಲ ಎಂದಾಗುತ್ತದೆ. ಹಳೆಯ ಕಾಲಂ ಡೇಟಾ ಸಮೇತ ಬೀಳುತ್ತದೆ, ಖಾಲಿ ಕಾಲಂ ಹೊಸದಾಗಿ ಬರುತ್ತದೆ. ಮೈಗ್ರೇಟ್ ಮಾಡುವ ಮೊದಲು ಎಸ್‌ಕ್ಯೂಎಲ್‌ಮೈಗ್ರೇಟ್ ಕೊಟ್ಟು ಏನಾಗಲಿದೆ ಅಂತ ಓದಿ.

ಸದ್ಯಕ್ಕೆ ಡೀಬಗ್ ಟೂಲ್‌ಬಾರ್ ಹಾಕಿ, ಸೆಲೆಕ್ಟ್ ರಿಲೇಟೆಡ್ ಸೇರಿಸುವ ಮೊದಲು ಎಷ್ಟು ಕ್ವೆರಿ ಇದ್ದವು, ನಂತರ ಎಷ್ಟು ಉಳಿದವು ಅಂತ ಬರೆಯಿರಿ. ಮಾಡೆಲ್ಸ್ ಫೈಲನ್ನೂ ಹಾಕಿದರೆ ಮುಂಗಡದ ಟೇಬಲ್ ಹೇಗಿದೆ ಅಂತ ನೋಡಿ ಹೇಳುತ್ತೇನೆ.