ಪುಣೆಯಲ್ಲಿ ಪೊಲೀಸ್ ಕೆಲಸ ಮಾಡುತ್ತಲೇ ಟೆರಿಟೋರಿಯಲ್ ಆರ್ಮಿ ಸೇರಬಹುದೇ?

ಇಲ್ಲ, ಸೇರಲು ಬರುವುದಿಲ್ಲ. ಟೆರಿಟೋರಿಯಲ್ ಆರ್ಮಿ ಎಂದರೆ ಬೇರೆ ಉದ್ಯೋಗದಲ್ಲಿದ್ದುಕೊಂಡೇ ವರ್ಷದಲ್ಲಿ ಕೆಲಕಾಲ ಸೈನಿಕ ಸಮವಸ್ತ್ರ ತೊಡುವವರ ಮೀಸಲು ಸೇನೆ. ಆದರೆ ಅದರ ಅಧಿಕಾರಿ ನೇಮಕಾತಿ ಅಧಿಸೂಚನೆಯೇ ಹಾಲಿ ಪೊಲೀಸರನ್ನೂ ಅರೆಸೇನಾ ಪಡೆಯವರನ್ನೂ ಹೊರಗಿಡುತ್ತದೆ. ಮೇಲಧಿಕಾರಿಯ ಎನ್‌ಒಸಿ (ಆಕ್ಷೇಪಣೆ ಇಲ್ಲವೆಂಬ ಪತ್ರ) ತಂದರೂ ಈ ನಿಯಮ ಬದಲಾಗದು. ಇದು ಸರಿಯೇ ಅನ್ನಬೇಕು: ಯುದ್ಧವೋ ಗಲಭೆಯೋ ಎದ್ದಾಗ ಮೀಸಲು ಪಡೆಗೆ ಕರೆ ಬರುತ್ತದೆ, ಠಾಣೆಗೂ ಆಳು ಬೇಕಾಗುವುದು ಅದೇ ಹೊತ್ತಿಗೆ. ಒಬ್ಬರನ್ನೇ ಎರಡೂ ಕಡೆ ಲೆಕ್ಕ ಹಿಡಿದರೆ ಒಂದು ಕಡೆ ಜಾಗ ಖಾಲಿ.

ಆದರೆ ಪುಣೆ ಪಕ್ಕದ ಪಿಂಪ್ರಿ-ಚಿಂಚವಾಡದ ಕಂಪನಿಯಲ್ಲಿ ದುಡಿಯುವ, 18ರಿಂದ 42 ವರ್ಷದೊಳಗಿನ ಪದವೀಧರ ಕನ್ನಡಿಗರು ಧಾರಾಳವಾಗಿ ಅಧಿಕಾರಿ ಹುದ್ದೆಗೆ ಪ್ರಯತ್ನಿಸಬಹುದು. ವರ್ಷಕ್ಕೆ ಸುಮಾರು ಎರಡು ತಿಂಗಳು ತರಬೇತಿ. ಸೇನಾ ಸೇವೆಗೆ ಹೋದವರನ್ನು ಮರಳಿ ಕೆಲಸಕ್ಕೆ ತೆಗೆದುಕೊಳ್ಳುವ ಹೊಣೆಯನ್ನು 1948ರ ಟೆರಿಟೋರಿಯಲ್ ಆರ್ಮಿ ಕಾಯ್ದೆ ಮಾಲೀಕರ ಮೇಲೆ ಹೊರಿಸಿದೆ.